ಗಂಗಮ್ಮನಿಗೆ ಬಿಟ್ಟ ಮೀನು

ಇನ್ನೂ ಬಾಯಿ ಬಿಡುತ್ತಿದೆ ಮುಂಡೇದು, ತಲೆಗೆ ಒನಕೆಯಲ್ಲಿ ಹೊಡೆದಾಯಿತು, ಮೈಗೆಲ್ಲ ಬೂದಿ ತಿಕ್ಕಿಯಾಯಿತು, ಆದರೂ ಹಿತ್ತಿಲ ಕಲ್ಲಿನ ಮೇಲೆ ಬಿದ್ದುಕೊಂಡು ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ, ಮೀಸೆ ಬೇರೆ ಅಲ್ಲಾಡಿಸುತ್ತದೆ, ನೀರು ಬಿಟ್ಟು ಎಷ್ಟು ಹೊತ್ತಾಯಿತು, ದಾಸಯ್ಯ ಬೆಳಗ್ಗೆ ಗೋಣಿಚೀಲದಲ್ಲಿ ಸುತ್ತಿ ತಂದು ಜಗಲಿಯ ಮೇಲೆ ಎಸೆದಾಗಲೂ ಹೀಗೇ, ಒಳಗೆ ನಡುಮನೆಯಲ್ಲಿ ಚಾಪೆಯ ಮೇಲೆ ನಮ್ಮತ್ತೆ ಪುಟ್ಟತಾಯಮ್ಮನೂ ಹೀಗೇ, ತೆರೆಯುವುದು ಮುಚ್ಚುವುದು — ಎರಡಕ್ಕೂ ಸಾಯುವುದಕ್ಕೆ ಬರುವುದಿಲ್ಲ. ನಿಮ್ಮನೆ ಮೀನೇ ಕಣವ್ವ ಪವಿತ್ರ, ನಿಮ್ಗೇ ತಂದಿವ್ನಿ, ಅಂದ ದಾಸಯ್ಯ, ಹಲ್ಲು ಕಿಸಿದುಕೊಂಡು, ಹೊಳೆಯಲ್ಲಿ ಬಲೆ ಬೀಸಿ ಬದುಕಿದವನು, ಈಗ ಅವನ ತೆಪ್ಪ ಮನೆ ಮುಂದೆ ಬೋರಲು ಬಿದ್ದಿದೆ, ಅದರಡಿ ಕೋಳಿ ಕಾವು ಕೂರುತ್ತದೆ. ಕುಚ್ಚು ಮೀನು ತಾ ಅಂದ್ರೆ ಎಲ್ಲಿಂದ ತರ್ಲವ್ವ, ಗೆಂಡೆ ಇಲ್ಲ ಗಿರ್ಲಿಲ್ಲ, ಬಲೆ ಬುಟ್ರೆ ಬರೀ ಈ ಮೀಸೇವೇ ಬತ್ತವೆ, ಮೊಟ್ಟೆ ಬುಡಂಗಿಲ್ಲ ಮರಿ ಆಗಂಗಿಲ್ಲ, ಎಲ್ಲಾನೂವೆ ನುಂಗ್ಬುಟ್ಟೊ, ಹೊಳೇಲಿ ಈಗ ನೀರದೆ ಅಷ್ಟೆ. ಹೇಳುವಾಗ ಅವನ ಕಣ್ಣಿನಲ್ಲಿ ಏನೋ ಒಂದು ತಣ್ಣಗಿನ ಖುಷಿ, ನನಗೆ ಕಾಣುವುದಿಲ್ಲವೇ, ನನ್ನ ಕಣ್ಣಿನಲ್ಲೂ ಅದೇ ಇದೆಯಲ್ಲ.

ಆಸೆ ಉಳ್ಕಂಡದೆ, ಅದ್ಕೇ ಜೀವ ಬುಡ್ತಿಲ್ಲ ಕಣವ್ವ, ಅಂತ ಪಕ್ಕದ ಮನೆ ಚಲುವಮ್ಮ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟು ಹೋದಳು, ಅವತ್ತಿನಿಂದ ಶುರು ನೋಡು, ಹೊಲದ ಆಸೆಯೇನೋ ಎಂದು ಹೊಲದ ಮಣ್ಣು ನೀರಿನಲ್ಲಿ ಕದಡಿ ಕುಡಿಸಿದೆವು, ಚಿನ್ನದ ಆಸೆಯೇನೋ ಎಂದು ನನ್ನ ಓಲೆ ತೇಯ್ದು ನೀರು ಬಿಟ್ಟೆವು — ನನ್ನದೇ ಓಲೆ, ಅವಳದ್ದು ಪೆಟ್ಟಿಗೆಯಲ್ಲಿ ಭದ್ರವಾಗಿದೆ — ಮೊಮ್ಮಗಳ ಆಸೆಯೇನೋ ಎಂದು ನನ್ನ ಮಗಳು ಸಹನ ಆದಿಚುಂಚನಗಿರಿಯ ಕಾಲೇಜಿನಿಂದ ಬಂದು ಕೈ ಹಿಡಿದು ಕೂತು ಹೋದಳು, ಕುರಿ ಸಾರು, ಒಬ್ಬಟ್ಟು, ಅಗಿದು ಕೊಟ್ಟ ಎಲೆ ಅಡಿಕೆ, ಎಲ್ಲವೂ ಕಟವಾಯಿಯಿಂದ ಹೊರಗೆ. ಕೊನೆಗೆ ಅತ್ತೆ ತಾನೇ ಹೇಳಿದಳು, ಕುಚ್ಚು, ಹೊಳೆ ಕುಚ್ಚು. ಮಗನಿಗೆ ತಡೆಯಲಿಲ್ಲ, ನನ್ನ ಗಂಡ ನಿಂಗರಾಜು ಮೈಸೂರಿಗೆ ಓಡಿ ಐಸಿನಲ್ಲಿಟ್ಟ ಕುಚ್ಚು ತಂದ, ಎಲ್ಲೋ ಆಂಧ್ರದ ಕಡೆ ಗುಂಡಿ ತೋಡಿ ಸಾಕಿದ್ದಂತೆ, ಹಾವಿನಂಥ ತಲೆ ಅದೇ, ಮೈಯ ಪಟ್ಟೆ ಅದೇ, ಸಾರು ಮಾಡಿ ಬಾಯಿಗಿಟ್ಟರೆ ಥೂ ಎಂದಳು, ಗುಂಡಿ ಮೀನು ಕಣ್ಲಾ, ಬೂಸಾ ನಾರ್ತದೆ — ಮಗ್ಗುಲು ಬದಲಿಸಲಾಗದವಳ ನಾಲಿಗೆ ನೋಡು! ಆ ಮಗ್ಗುಲು ಬದಲಿಸುವವಳು ನಾನು, ಬಟ್ಟೆ ತೆಗೆಯುವವಳು ನಾನು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುವವಳು ನಾನು, ನನ್ನ ಅನ್ನಕ್ಕೂ ಆ ವಾಸನೆ. ಸಾಯಲಿ. ಹೌದು, ಸಾಯಲಿ, ಇವತ್ತೇ ಸಾಯಲಿ, ಹೊರಗೆ ಹೇಳುವುದಿಲ್ಲ ಅಷ್ಟೇ, ಬಂದವರ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತೇನೆ, ಎಂಥಾ ಸೊಸೆ ಅನ್ನುತ್ತಾರೆ.

ನನಗೆ ನಗು ಬರುವುದು ಇದಕ್ಕೆ: ಹೊಳೆಯ ಕುಚ್ಚಿಗೆ ಮಣ್ಣು ಕೊಟ್ಟವಳೇ ಇವಳು. ನಾಲೆಯ ಪಕ್ಕದ ಗದ್ದೆಯಲ್ಲಿ ನಿಂಗರಾಜು ಹೊಂಡ ತೋಡಿಸಿ ಕ್ಯಾಟ್‌ಫಿಶ್, ಇದೇ ಮೀಸೆ ಮೀನು, ಬಿಟ್ಟಿದ್ದ ಕಾಲ, ಪಾಂಡವಪುರದ ಕೋಳಿ ಅಂಗಡಿಗಳಿಂದ ಕರುಳು ಪುಕ್ಕ ಡ್ರಮ್ಮಿನಲ್ಲಿ ಬರುತ್ತಿತ್ತು, ಸುರಿದರೆ ನೀರು ಕುದಿಯುವಂತೆ ಏಳುತ್ತಿತ್ತು, ಬಾಯಿಗಳು, ಬರೀ ಬಾಯಿಗಳು, ಸಿಗದಿದ್ದರೆ ಒಂದನ್ನೊಂದು ತಿನ್ನುತ್ತಿದ್ದವು, ಆ ಕೊಳೆ ನೀರನ್ನು ನಾಲೆಗೆ ತಿರುಗಿಸಿದಾಗಲೆಲ್ಲ ಕೆಳಗೆ ಚಿಕ್ಕ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು, ಅಯ್ಯೋ ತೇಲಿದರೆ ತೇಲಲಿ, ನಮ್ಮ ಮನೆಯಲ್ಲಿ ಫ್ರಿಜ್ಜು ಬಂದಿತ್ತು. ಆಮೇಲೆ ಇಲಾಖೆಯವರು ಬಂದರು, ಈ ಜಾತಿ ಸಾಕುವಂತಿಲ್ಲ, ನಾಡಿದ್ದು ಬಂದು ಎಲ್ಲವನ್ನೂ ಕೊಂದು ಹೂಳಿಸುತ್ತೇವೆ ಎಂದು ಹೇಳಿ ಹೋದರು. ಅದು ಹಾಗೇ ಆಗಿದ್ದರೆ ಮುಗಿಯುತ್ತಿತ್ತು. ಇವಳು ಎದ್ದಳು ನೋಡು, ಸಾವ್ರಾರು ಜೀವ ಕೊಂದ ಪಾಪ ನನ್ನ ಮಗನ ನೆತ್ತಿಗೆ ಬ್ಯಾಡ, ಗಂಗಮ್ಮನ ಮಕ್ಳು, ಗಂಗಮ್ಮಂಗೇ ಬುಟ್ಬುಡ್ಲಾ. ಬೆಳಗ್ಗೆ ಮಿಂದು, ಹೊಂಡದ ಬದುವಿಗೆ ಅರಿಶಿನ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆಸಿ, ಕರ್ಪೂರ ಹಚ್ಚಿ, ಆರತಿ ತಟ್ಟೆ ನನ್ನ ಕೈಯಲ್ಲಿ, ಆಮೇಲೆ ನಿಂಗರಾಜು ಗುದ್ದಲಿಯಲ್ಲಿ ಬದು ಕಡಿದ, ಕರಿ ಬೆನ್ನುಗಳು ಒಂದರ ಮೇಲೊಂದು ಹೊರಳಿಕೊಂಡು ನಾಲೆಗೆ, ನಾಲೆಯಿಂದ ಹೊಳೆಗೆ, ಅತ್ತೆ ಮಂಡಿಯುದ್ದ ನೀರಿನಲ್ಲಿ ನಿಂತು ಕೈಮುಗಿದಳು, ಹೋಗ್ಬನ್ನಿ ನನ್ನವ್ವಗಳಾ! ದಾಸಯ್ಯ ಓಡಿ ಬಂದು ತಲೆ ಮೇಲೆ ಕೈ ಹೊತ್ತ, ಏನ್ ಕೆಲ್ಸ ಮಾಡ್ಬುಟ್ರಿ ತಾಯಿ, ತಿನ್ನೋ ಬಾಯ್ನೆಲ್ಲ ತಂದು ಹೊಳೆಗೆ ಬುಟ್ರಲ್ಲ. ಹೋಗ್ಲಾ, ಯಾರ್ನ ಮಡಿಕೋಬೇಕು ಅಂತ ಗಂಗಮ್ಮಂಗೆ ಗೊತ್ತಿಲ್ವಾ, ಅಂದಳು. ಊರೆಲ್ಲ ಹೇಳಿಕೊಂಡು ತಿರುಗಿದಳು ತನ್ನ ಪುಣ್ಯ. ಈಗ ಆ ಪುಣ್ಯ ಹೊಳೆಯನ್ನೆಲ್ಲ ತಿಂದು ದಪ್ಪವಾಗಿ ನನ್ನ ಕಲ್ಲಿನ ಮೇಲೆ ಮಲಗಿದೆ.

ಕುಚ್ಚು ಎಂದರೆ ನನಗೆ ನೆನಪಾಗುವುದು ಬಾಣಂತನ, ಕತ್ತಲ ಕೋಣೆ, ಸಾಂಬ್ರಾಣಿ ಹೊಗೆ, ಮಗ್ಗುಲಲ್ಲಿ ಸಹನ ಕೆಂಪಗೆ ಮುದುಡಿಕೊಂಡು, ದಾಸಯ್ಯ ಆಗ ಮಡಕೆಯಲ್ಲಿ ಜೀವಂತ ಕುಚ್ಚು ತಂದುಕೊಡುತ್ತಿದ್ದ, ಬಾಣಂತಿಗೆ ಹಾಲು ಬರಲಿ ಎಂದು, ಮಡಕೆಯೊಳಗೆ ಅದು ಬಡಿದುಕೊಳ್ಳುವ ಸದ್ದು ಕೇಳಿ ನನ್ನ ಬಾಯಲ್ಲಿ ನೀರು, ಸಾರು ಕುದಿಯುವಾಗ ಮೆಣಸು ಬೆಳ್ಳುಳ್ಳಿಯ ಘಮ ಗೋಡೆ ದಾಟಿ ಬರುತ್ತಿತ್ತು. ನನಗೆ ಸಾರಿನ ತಿಳಿ. ಬರೀ ತಿಳಿ, ಬಾಲದ ಒಂದು ಚೂರು. ತಲೆ ಅವಳ ತಟ್ಟೆಗೆ. ಅತ್ತೆ, ತಲೆ ನನಗೆ ಇಷ್ಟ, ಅಂದೆ ಒಂದು ಸಲ, ನಾಚಿಕೆ ಬಿಟ್ಟು. ಹೆಣ್ ಹೆತ್ತೋಳ್ಗೆ ತಲೆ ಯಾಕವ್ವ, ಗಂಡ್ ಹೆರು, ಆಗ ಇಕ್ತೀನಿ. ಹೇಳಿ ನನ್ನ ಎದುರಿಗೇ ಕೂತು ಚೀಪಿದಳು, ಕಣ್ಣುಗುಡ್ಡೆ, ಕೆನ್ನೆಯ ಮಾಂಸ, ಮೂಳೆಯೊಳಗಿನ ರಸ, ಸೊರ್ ಸೊರ್, ಕಣ್ಣು ಮುಚ್ಚಿಕೊಂಡು. ಗಂಡು ನಾನು ಹೆರಲೇ ಇಲ್ಲ. ಆ ಸೊರ್ ಸೊರ್ ಮಾತ್ರ ಇವತ್ತಿಗೂ ನನ್ನ ಕಿವಿಯಲ್ಲಿ ಇದೆ, ಅವಳ ಹುಣ್ಣು ಒರೆಸುವಾಗಲೂ ಇರುತ್ತದೆ.

ಇರಲಿ, ಕೊಯ್ಯಬೇಕು, ಹುಣಸೆಹುಳಿ ಜಾಸ್ತಿ ಬಿಟ್ಟು ಇದನ್ನೇ ಕುಚ್ಚು ಅಂದುಬಿಡುತ್ತೇನೆ, ತಾನು ಬಿಟ್ಟ ಮೀನನ್ನು ತಾನೇ ತಿಂದು ಹೋಗಲಿ, ಈಳಿಗೆ ಮಣೆ ಮೆಟ್ಟಿ ಕತ್ತು ತುಂಡು ಮಾಡಿದೆ, ತಲೆ ಬೇರೆಯಾಯಿತು, ಬೇರೆಯಾದ ತಲೆಯೂ ಬಾಯಿ ತೆರೆಯುತ್ತದೆ, ಥೂ ನಿನ್ನ, ಹೊಟ್ಟೆ ಸೀಳಿದರೆ ಏನೋ ಗಟ್ಟಿ, ಬೆರಳು ಹಾಕಿ ಎಳೆದೆ, ಪಟ್ಟೆ, ಹಾವಿನ ತಲೆ — ಕುಚ್ಚು. ಗೇಣುದ್ದದ ಕುಚ್ಚು. ಬಾಲದ ಕಡೆಯಿಂದ ನುಂಗಿದೆ, ಬಾಲ ಬೆಂದಂತೆ ಬಿಳಿಚಿಕೊಂಡಿದೆ, ನಡು ಚೆನ್ನಾಗಿದೆ, ತಲೆ ಹಾಗೇ ಇದೆ, ಕಣ್ಣು ಕೂಡ ಮಂಜಾಗಿಲ್ಲ. ಹೊಳೆಯದು. ಬಹುಶಃ ಕೊನೆಯದು. ನಕ್ಕೆ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಇನ್ನೊಬ್ಬರ ಹೊಟ್ಟೆಯಿಂದ ತೆಗೆದು ತಿನ್ನಿಸಬೇಕಂತೆ ಮಹಾತಾಯಿಗೆ. ಉಪ್ಪು ಹಾಕಿ ತೊಳೆದೆ, ಸಣ್ಣ ಕುಡಿಕೆಯಲ್ಲಿ ಬೇಯಿಸಿದೆ, ಮೆಣಸು ಬೆಳ್ಳುಳ್ಳಿ, ಅದೇ ಘಮ, ಅದೇ ಕತ್ತಲ ಕೋಣೆ, ನಡುಮನೆಯಿಂದ ಅವಳ ಮೂಗು ಎಳೆಯುವ ಸದ್ದು. ಸೌಟಿನಲ್ಲಿ ತಲೆ ಮೇಲೆ ಬಂತು, ನನ್ನನ್ನೇ ನೋಡಿತು. ಯಾರೂ ಇರಲಿಲ್ಲ. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಾಯಿಗಿಟ್ಟುಕೊಂಡೆ, ನಾಲಿಗೆ ಸುಟ್ಟಿತು, ಸುಡಲಿ, ಕಣ್ಣುಗುಡ್ಡೆ, ಕೆನ್ನೆ, ಮೂಳೆಯೊಳಗಿನ ರಸ, ಸೊರ್ ಸೊರ್, ಸದ್ದು ಮಾಡಿಯೇ ಚೀಪಿದೆ, ಕೇಳಲಿ, ಆಹಾ, ಹೆಣ್ಣು ಹೆತ್ತವಳ ಬಾಯಿಗೂ ತಲೆ ರುಚಿಯಾಗಿಯೇ ಇತ್ತು.

ಉಳಿದದ್ದನ್ನು ಬಟ್ಟಲಿಗೆ ಹಾಕಿಕೊಂಡು ಬಂದೆ, ನಿಂಗರಾಜು ತುಳಸಿ ನೀರು ಹಿಡಿದು ತಯಾರಾಗಿದ್ದಾನೆ, ಚಲುವಮ್ಮ ಗೋಡೆಗೊರಗಿ ಕೂತಿದ್ದಾಳೆ, ಮುಳ್ಳು ಬಿಡಿಸಿ ಚೂರು ಮಾಡಿ ಅತ್ತೆಯ ತುಟಿಗಿಟ್ಟೆ, ಬಾಯಿ ತೆರೆಯಿತು, ಮುಚ್ಚಿತು, ದವಡೆ ಆಡಿತು, ಉಗಿಯಲಿಲ್ಲ. ಹೊಳೇದು, ಅಂದಳು. ಮುಖದ ಗಂಟು ಒಂದೊಂದೇ ಸಡಿಲವಾಯಿತು, ಕಣ್ಣಿನ ಮೂಲೆಯಲ್ಲಿ ನೀರು, ಉಸಿರು ಉದ್ದವಾಯಿತು, ನಿಂತಿತು, ಮತ್ತೆ ಬಂತು, ಅವ್ವಾ ಅಂತ ನಿಂಗರಾಜು ಬಿಕ್ಕಿದ, ಈಗ ಹೋಯ್ತದೆ ಸುಮ್ಕಿರಪ್ಪ ಅಂದಳು ಚಲುವಮ್ಮ, ನಾನು ಮನಸ್ಸಿನಲ್ಲೇ ಚಾಪೆ ಮಡಿಸಿ ಸುಟ್ಟೆ, ಕೋಣೆ ತೊಳೆದೆ, ಬಾಗಿಲು ಹಾಕಿಕೊಂಡು ನಿದ್ದೆ ಹೋದೆ. ಬಟ್ಟಲು ಖಾಲಿಯಾಯಿತು. ಆಗ ಕಣ್ಣು ಬಿಟ್ಟಳು. ಬಟ್ಟಲು ನೋಡಿದಳು, ನನ್ನನ್ನು ನೋಡಿದಳು. ತಲೆ, ಅಂದಳು. ತಲೆ ಎಲ್ಲವ್ವ. ನಿಂಗರಾಜು ನನ್ನ ಕಡೆ ತಿರುಗಿದ, ಒಲೆ ಮೇಲಿರ್ಬೋದು, ಬಿರ್ನೆ ತತ್ತಾ ಪವಿತ್ರ, ಅದೊಂದು ಇಕ್ಬುಡು. ಅರ್ಧ ತೀರಿದ ಆಸೆ ತೀರ್ದೆ ಇರೋದ್ಕಿಂತ ಕೆಟ್ಟದ್ದು ಕಣವ್ವ, ಇನ್ನು ಜೀವ ಗಟ್ಟಿಯಾಗ್ಬುಡ್ತದೆ, ಅನ್ನುತ್ತಾಳೆ ಚಲುವಮ್ಮ. ನನ್ನ ಹಲ್ಲಿನ ಸಂದಿಯಲ್ಲಿ ಮೂಳೆಯ ಚೂರೊಂದು ಸಿಕ್ಕಿಕೊಂಡಿದೆ, ನಾಲಿಗೆಯಿಂದ ತಳ್ಳುತ್ತಿದ್ದೇನೆ, ಬರುವುದಿಲ್ಲ, ಹೊಳೆಯಲ್ಲಿ ಇನ್ನೊಂದಿಲ್ಲ, ಮೀಸೆಯದರ ತಲೆ ಇಟ್ಟರೆ ಉಗಿಯುತ್ತಾಳೆ, ನಾಳೆ ಮಗ್ಗುಲು ತಿರುಗಿಸಬೇಕು, ನಾಡಿದ್ದು ತಿರುಗಿಸಬೇಕು, ಉಗಾದಿಗೂ, ಮುಂದಿನ ಉಗಾದಿಗೂ, ಅವಳ ಕೆನ್ನೆಗೆ ಬಣ್ಣ ಬಂದಿದೆ, ಕಣ್ಣು ನನ್ನ ತುಟಿಯ ಮೇಲೆಯೇ ನಿಂತಿದೆ, ಗೊತ್ತಾಯಿತೇ, ಸದ್ದು ಕೇಳಿತ್ತೇ, ಹಿತ್ತಿಲ ಕಲ್ಲಿನ ಮೇಲೆ ಆ ತಲೆ, ಇಲ್ಲಿ ಚಾಪೆಯ ಮೇಲೆ ಇವಳು, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ — ತೆರೆದೇ ಇದೆ