ಸರ್ವರ್‌ಗೆ ಕುಂಕುಮ ಇಟ್ಟ ಮೇಲೆ

ಆಂಧ್ರದ ಗಡಿಯೂರು ರಾಯದುರ್ಗದ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಆಯುಧಪೂಜೆ ಮುಗಿಯುವ ಹೊತ್ತಿಗೆ ಹೊಲಿಗೆ ಯಂತ್ರಗಳು, ಕತ್ತರಿಗಳು, ಇಸ್ತ್ರಿಪೆಟ್ಟಿಗೆಗಳು ಎಲ್ಲವೂ ವಿಭೂತಿ ಬಳಿದುಕೊಂಡು ಸುಮ್ಮನೆ ಕೂತಿದ್ದವು. ಮೂಲೆಯ ಗಾಜಿನ ಕೋಣೆಯ ಸರ್ವರ್ ಪೆಟ್ಟಿಗೆಗೂ ವಿಭೂತಿ, ಕುಂಕುಮ ಮೆತ್ತಿ ಚೆಂಡುಹೂವಿನ ಹಾರ ಹಾಕಿದ್ದರು. ಕುಂಕುಮ ಚೆಲ್ಲಿದ ಕೀಬೋರ್ಡಿನ ಮೇಲೆ ಒಂದು ನಿಂಬೆಹಣ್ಣು ಕೂತಿತ್ತು.

ಪೂಜೆಯಾದ ಮೇಲೆ ಮರುದಿನ ಬೆಳಗಿನ ಮಂಗಳಾರತಿಯವರೆಗೆ ಯಾವ ಆಯುಧವನ್ನೂ ಯಾರೂ ಮುಟ್ಟುವಂತಿಲ್ಲ. ಇದು ಮಾಲೀಕ ರಘುನಾಥನ ತಾಯಿ ಸರ್ವಮಂಗಳಮ್ಮನ ಕಟ್ಟಪ್ಪಣೆ. ಜಗಲಿಯ ಮೇಲೆ ಒಂದೇ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಈ ಕಾರ್ಖಾನೆ ಶುರುಮಾಡಿದ್ದು ಆಕೆಯೇ. ಸರ್ವರ್ ಗುಂಯ್ ಎನ್ನುತ್ತಿದ್ದುದಕ್ಕೆ ಮಾತ್ರ ರಿಯಾಯಿತಿ ಸಿಕ್ಕಿತ್ತು. "ತಾನಾಗೇ ನಡೀತಿದ್ರ ನಡೀಲಿ. ಮುಟ್ಟಬ್ಯಾಡ್ರಿ ಅಷ್ಟ."

ಈ ಸಲ ಆಕೆ ಇನ್ನೊಂದು ಸೇರಿಸಿದ್ದರು. ಕೆಲಸಕ್ಕೆ ಬಳಸುವ ಫೋನೂ ಆಯುಧವೇ ಎಂದು ಎಲ್ಲರ ಫೋನುಗಳನ್ನೂ ಒಂದು ಮೊರದಲ್ಲಿ ಹಾಕಿಸಿ, ಕುಂಕುಮ ಎರಚಿ, ದೇವರ ಮುಂದೆ ಇಟ್ಟಿದ್ದರು.

ಆ ಮೊರದಲ್ಲಿ ಒಂದು ಫೋನು ಮಿನುಗತೊಡಗಿತು. ಅದು ಮರುಳಸಿದ್ದಪ್ಪನದು.

ಮರುಳಸಿದ್ದಪ್ಪ ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವವನು. ಹಗಲು ಬಟನ್ ಹಚ್ಚುತ್ತಾ ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತು ಮೇಲೆ ಬಂದವನು. ಬಾಗಿಲಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದ ಮೇಲೆ ಮತ್ತೆ ಬಂದು ಜಗ್ಗಿ ನೋಡುವ ಜಾತಿ. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೊರದ ಮೇಲೆ ಕೊಕ್ಕರೆಯಂತೆ ಬಾಗಿ, ಕುಂಕುಮದ ನಡುವೆ ಕಂಡಷ್ಟು ಅಕ್ಷರ ಓದಿದ.

ಸಂದೇಶ ಬೆಂಗಳೂರಿನ ದುರ್ಗಾ ಅವರದು. ಇವರ ಜೀನ್ಸ್ ಕೊಳ್ಳುವ ಕಂಪನಿಯಲ್ಲಿ ಕಂಪ್ಯೂಟರ್ ಭದ್ರತೆ ನೋಡುವವರು. ಸರ್ವರನ್ನು ನಡೆಸುವ ಲಿನಕ್ಸ್ ತಂತ್ರಾಂಶದಲ್ಲಿ ಕಳ್ಳರು ನುಗ್ಗಬಹುದಾದ ಒಂದು ದೊಡ್ಡ ತೂತು ಪತ್ತೆಯಾಗಿದೆ, ಅದನ್ನು ಮುಚ್ಚುವ ತೇಪೆಯೂ ಬಂದಿದೆ, ಸಂಜೆ ಐದರೊಳಗೆ ಅದನ್ನು ಹಾಕಿಕೊಳ್ಳದ ಕಾರ್ಖಾನೆಗಳ ಸಂಪರ್ಕ ಕಡಿಯುತ್ತೇವೆ ಎಂದಿತ್ತು. ಸಂಪರ್ಕ ಹೋದರೆ ನಾಳೆಯ ಲಾರಿಗೆ ಮಾಲು ಏರುವುದಿಲ್ಲ.

 ಈ ಲಿನಕ್ಸನ್ನು ಹಟ ಹಿಡಿದು ತರಿಸಿದ್ದು ಮರುಳಸಿದ್ದಪ್ಪನೇ. ಸುದ್ದಿ ಕೇಳಿದ ರಘುನಾಥ್ ಅದನ್ನೇ ಎತ್ತಿದ.

"ಇದರ ಒಳಗಿನ ಬರಹ ಜಗತ್ತೆಲ್ಲ ತೆರೆದು ನೋಡ್ತೈತಿ, ಅದಕ್ಕ ಗಟ್ಟಿ ಅಂದಿದ್ದಿ ನೀನು?"

"ಹೌದ್ರಿ."

"ಅಷ್ಟು ಮಂದಿ ನೋಡಿದ್ರೂ ತೂತು ಬಿತ್ತು?"

"ಅಷ್ಟು ಮಂದಿ ನೋಡಿದ್ದಕ್ಕ ತೂತು ಕಾಣಿಸ್ತ್ರಿ. ಇಲ್ಲಾಂದ್ರ ಕಳ್ಳಗ ಒಬ್ಬಗ ಮಾತ್ರ ಕಾಣ್ತಿತ್ತು."

"ಸರಿ. ಐದರೊಳಗ ಮುಚ್ಚು. ಇಲ್ಲಾಂದ್ರ ನಾಳೆ ಆ ಪೆಟ್ಟಿಗಿ ಹೊರಗ, ಅದರ ಹಿಂದ ನೀನು."

"ಕೀಬೋರ್ಡ್ ಮುಟ್ಟಬೇಕಲ್ರಿ."

ರಘುನಾಥ್ ತಾಯಿಯತ್ತ ನೋಡಿ ದನಿ ತಗ್ಗಿಸಿದ. "ಅದನ್ನ ನನ್ನ ಕೇಳಬ್ಯಾಡ."

ಪೂಜೆಯಾಗದ ಕಂಪ್ಯೂಟರೊಂದನ್ನು ಎರವಲು ತಂದರೆ ಅದರಿಂದ ತೇಪೆ ಹಾಕಬಹುದೆಂದು ಮರುಳಸಿದ್ದಪ್ಪ ಊರೊಳಗೆ ಓಡಿದ. ಫೋಟೊ ಸ್ಟುಡಿಯೋದ ಕಂಪ್ಯೂಟರಿಗೆ ಬಾಳೆಕಂದು ಕಟ್ಟಿದ್ದರು. ಜೆರಾಕ್ಸ್ ಅಂಗಡಿಯವನು ಮಾನಿಟರಿನ ಮುಖಕ್ಕೇ ಮೂರು ಪಟ್ಟೆ ವಿಭೂತಿ ಎಳೆದು, "ರೇಪು ರಾ ಅನ್ನಾ" ಎಂದು ತೆಲುಗಿನಲ್ಲಿ ನಾಳೆ ಬರಲು ಹೇಳಿ ಕೈ ಮುಗಿದ. ಮುಟ್ಟಬಹುದಾದ ಯಂತ್ರ ಇಡೀ ಊರಿನಲ್ಲಿ ಒಂದೂ ಇರಲಿಲ್ಲ.

ಬೆವರೊರೆಸಿಕೊಂಡು ವಾಪಸು ಬಂದಾಗ ಸರ್ವಮಂಗಳಮ್ಮ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ತಮ್ಮ ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದರು.

"ಅಮ್ಮಾರೇ, ನಿಮ್ಮ ಫೋನು ಪೂಜೆಗೆ ಇಟ್ಟಿಲ್ರೀ?"

"ದುಡಿಯೋವಕ್ಕ ಪೂಜಿ ಕಣಪ್ಪಾ. ಇದೇನು ದುಡಿತೈತಿ? ಇದರಾಗ ಸೊಸಿ ಅಳೋದು ನೋಡ್ತೀನಿ, ಅಷ್ಟ."

ಕಾರ್ಖಾನೆಯ ವೈಫೈ ಹಿಡಿದ ಯಾವ ಫೋನಿನಿಂದಲಾದರೂ ಸರ್ವರನ್ನು ನಿಭಾಯಿಸುವ ಪುಟ ತೆರೆಯಬಹುದು. ಪೆಟ್ಟಿಗೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಒಂದಿಷ್ಟು ಹೊತ್ತು ಫೋನು ಕೊಡುವಿರಾ ಎಂದು ಅವನು ತೊದಲುತ್ತಾ ಕೇಳಿದ.

"ಕೆಲಸಕ್ಕ ಹಚ್ಚಿದ್ರ ಇದೂ ಆಯುಧ ಆಗಲ್ಲೇನು?" ಎಂದರು ಸರ್ವಮಂಗಳಮ್ಮ.

"ಕೆಲಸ ಅಲ್ರೀ ಅಮ್ಮಾರೇ. ಸರ್ವರಿನ ಹಿತ್ತಲ ಬಾಗ್ಲು ತೆರೆದಂಗ ಆಗೇತಿ. ಕಳ್ಳರು ತಿರುಗ್ತಿದಾರ."

"ಹಬ್ಬದ ದಿನಾನೂ?"

"ಅವರಿಗೆ ಇವತ್ತೇ ಹಬ್ಬ ರೀ."

ಆಕೆ ಧಾರಾವಾಹಿ ನಿಲ್ಲಿಸಿದರು. "ಚಿಲಕ ಹಾಕಾಕ ಯಾವ ಹಬ್ಬಾನೂ ಅಡ್ಡಿಲ್ಲ. ಆದ್ರ ಫೋನು ನಿನ್ ಕೈಯಾಗ ಕೊಡಲ್ಲ. ನೀನು ಹೇಳು, ನಾನು ಒತ್ತತೀನಿ."

ಅಲ್ಲಿಯವರೆಗೆ ಎಲ್ಲ ಸರಿಯೇ. ಮುಂದೆ ಪುಟ ಪಾಸ್‌ವರ್ಡ್ ಕೇಳಿತು.

ಮರುಳಸಿದ್ದಪ್ಪನ ತಲೆಯ ಮೇಲೆಯೇ ಅವನೇ ಬರೆದು ನೇತುಹಾಕಿದ ಬೋರ್ಡಿತ್ತು. ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ, ಮಾಲೀಕರಿಗೂ ಹೇಳಬೇಡಿ. ಅವನು ಒಮ್ಮೆ ಬೋರ್ಡು ನೋಡಿದ, ಒಮ್ಮೆ ಗಡಿಯಾರ ನೋಡಿದ. ಕೊನೆಗೆ ಆಕೆಯ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದ.

"ದೊಡ್ಡ ಕೆ ರೀ."

"ದೊಡ್ಡ ಕೆ!" ಎಂದು ಸರ್ವಮಂಗಳಮ್ಮ ಕೂಗಿದರು.

ಜೀವಮಾನವಿಡೀ ಹೊಲಿಗೆ ಯಂತ್ರಗಳ ಸದ್ದಿನ ಮೇಲೆ ಮಾತಾಡಿದ ಗಂಟಲು ಅದು. ಇಂದು ಒಂದು ಯಂತ್ರವೂ ಸದ್ದು ಮಾಡುತ್ತಿರಲಿಲ್ಲ. ಮಂಡಕ್ಕಿ ತಿನ್ನುತ್ತಿದ್ದ ಟೈಲರುಗಳೆಲ್ಲ ತಿರುಗಿ ನೋಡಿದರು.

"ಅಮ್ಮಾರೇ, ಮೆಲ್ಲಕ ರೀ..."

"ಮೆಲ್ಲಕೇ ಹೇಳಿದೆನಲ್ಲೋ. ಮುಂದ?"

"ಏಳು."

"ಏಳು! ಅಂದ್ರ ತೆಲುಗಿನ ಏಡು ತಾನೆ?"

"ಏಡೇ ಅಮ್ಮಾರೇ," ಎಂದು ದೂರದಿಂದ ಟೈಲರ್ ತಿಪ್ಪಕ್ಕ ಖಾತ್ರಿ ಮಾಡಿದಳು. "ಬರ್ಕಂಡೀನಿ ಬಿಡ್ರಿ."

"ತಿಪ್ಪಕ್ಕಾ, ದಮ್ಮಯ್ಯ, ಬರೀಬ್ಯಾಡ!" ಎಂದ ಮರುಳಸಿದ್ದಪ್ಪನಿಗೆ ಅಳು ಬರುವುದೊಂದೇ ಬಾಕಿ. ಉಳಿದದ್ದನ್ನು ಹೇಳುತ್ತಾ ಹೋದ. ಹ್ಯಾಷ್ ಗುರುತು ಬಂದಾಗ ಸರ್ವಮಂಗಳಮ್ಮ ತಡವರಿಸಿದರು.

"ರಂಗೋಲಿ ಎಳಿ ಇದ್ದಂಗ ಇರ್ತೈತ್ರಿ, ಅಡ್ಡ ಎರಡು, ಉದ್ದ ಎರಡು," ಎಂದು ಇನ್ನೊಂದು ಸಾಲಿನವರು ಸಹಾಯಕ್ಕೆ ಬಂದರು. ಕಡೆಕಡೆಗೆ ಇಡೀ ಕಾರ್ಖಾನೆ ಮಗ್ಗಿ ಹೇಳಿದಂತೆ ಒಟ್ಟಿಗೆ ಹೇಳುತ್ತಿತ್ತು. ತಪ್ಪಾಯಿತು ಎಂದಿತು ಪುಟ. ಸರ್ವಮಂಗಳಮ್ಮ ಮತ್ತೆ ಮೊದಲಿನಿಂದ ಶುರುಮಾಡಿದರು. ಈ ಸಲ ಮರುಳಸಿದ್ದಪ್ಪ ಬಾಯಿ ತೆರೆಯಬೇಕಾಗಿಯೇ ಬರಲಿಲ್ಲ. ಎಲ್ಲರಿಗೂ ಬಾಯಿಪಾಠವಾಗಿತ್ತು.

ಪುಟ ತೆರೆಯಿತು. ತೇಪೆ ಹಾಕಲೇ ಎಂದು ಕೇಳಿತು.

"ನೋಡು, ಕೇಳಿ ಮಾಡ್ತೈತಿ. ನನ್ನ ಮಗನಿಗಿಂತ ಪಾಡು," ಎಂದು ಸರ್ವಮಂಗಳಮ್ಮ ಒತ್ತಿದರು.

ಸರ್ವರ್ ಆರಿತು. ಯಾರೂ ಮಂಡಕ್ಕಿ ಅಗಿಯಲಿಲ್ಲ. ಮರುಕ್ಷಣ ಅದು ಹೊಸದಾಗಿ ಎದ್ದು, ಫ್ಯಾನು ಭರ್ರೆಂದು ತಿರುಗಿ, ಮೇಲಿದ್ದ ವಿಭೂತಿಯನ್ನೆಲ್ಲ ಗಾಜಿನ ಕೋಣೆಯೊಳಗೆ ಹಾರಿಸಿತು. ತಿಪ್ಪಕ್ಕ ಕೈ ಮುಗಿದಳು. ಮೊರದಲ್ಲಿ ಫೋನು ಮಿನುಗಿತು. ಮರುಳಸಿದ್ದಪ್ಪ ಮತ್ತೆ ಕೊಕ್ಕರೆಯಾಗಿ ಬಾಗಿ ಓದಿದ. ಸಂಪರ್ಕ ಉಳಿದಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರೂ ಅವನ ಮುಖ ಅರಳಲಿಲ್ಲ. "ಪಾಸ್‌ವರ್ಡ್ ಈಗಲೇ ಬದಲಿಸಬೇಕ್ರಿ ಅಮ್ಮಾರೇ. ಕಾರ್ಖಾನಿಗೆಲ್ಲ ಗೊತ್ತಾಗೇತಿ."

"ಅದಕ್ಕ್ಯಾಕ ಅಳ್ತಿ? ಎಲ್ಲಿ ಒತ್ತಬೇಕು ತೋರ್ಸು. ಅತ್ಲಾಗ ತಿರುಗು."

ಅವನು ತಿರುಗಿ ನಿಂತ. ಸರ್ವಮಂಗಳಮ್ಮ ಸೆರಗನ್ನು ಫೋನಿಗೆ ಮರೆ ಹಿಡಿದು, ಜೀವನದಲ್ಲಿ ಮೊದಲ ಸಲ, ಒಂದು ಮಾತೂ ಆಡದೆ ಕೆಲಸ ಮುಗಿಸಿದರು.

ಮರುದಿನ ಮಂಗಳಾರತಿಯಾಯಿತು, ಲಾರಿಗೆ ಮಾಲೂ ಏರಿತು. ಮರುಳಸಿದ್ದಪ್ಪ ಕೀಬೋರ್ಡಿನ ಸಂದುಗಳಿಂದ ಕುಂಕುಮ ಊದಿ ತೆಗೆದು ಆಕೆಯ ಮುಂದೆ ನಿಂತ.

"ಅಮ್ಮಾರೇ, ಹೊಸ ಪಾಸ್‌ವರ್ಡು?"

ಸರ್ವಮಂಗಳಮ್ಮ ಬೋರ್ಡಿನತ್ತ ಬೆರಳು ತೋರಿಸಿದರು.

"ಅದು ಬ್ಯಾರೆಯವರಿಗೆ ರೀ. ನಾನು..."

"ಬರದೋನು ನೀನ. ಮಾಲೀಕರಿಗೂ ಹೇಳಬ್ಯಾಡ್ರಿ ಅಂದೀಯ, ನಿನಗ ಹೇಳ್ರಿ ಅಂತ ಎಲ್ಲಿ ಬರದೀ ತೋರ್ಸು."

ಅವನು ಬೋರ್ಡನ್ನು ಎರಡು ಸಲ ಓದಿದ. ಎಲ್ಲಿಯೂ ಬರೆದಿರಲಿಲ್ಲ. ಆಮೇಲೆ ಕೀಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಆಕೆಯ ಮುಂದೆ ಚಾಚಿ, ತಾನಾಗಿಯೇ ಗೋಡೆಯ ಕಡೆ ತಿರುಗಿ ನಿಂತ.