ಫೋನು ಕೇಳಿದ ಹೆಸರು

ಮರುದಿನ ತಾಂಡೂರಿನ ಕಾಲೇಜಿನಲ್ಲಿ ನಾನು ಕೆಲಸಕ್ಕೆ ಸೇರಬೇಕಿತ್ತು. ಸೀರೆ, ಸರ್ಟಿಫಿಕೇಟು ಎಲ್ಲ ಬ್ಯಾಗು ಸೇರಿದ್ದವು. ನನ್ನ ಫೋನು ಮಾತ್ರ ಹೊರಡುವಂತಿರಲಿಲ್ಲ. ಮಾವನ ಕಿವಿ ಮಷೀನು ಅದಕ್ಕೆ ಜೋಡಿಯಾಗಿತ್ತು. ನಾರಾಯಣಖೇಡದಿಂದ ನಾದಿನಿ ನರ್ಮದಾ ದಿನಾ ಮಾಡುವ ಕರೆ ಅದರಿಂದಲೇ ಅವರ ಕಿವಿಗೆ ಮುಟ್ಟುತ್ತಿತ್ತು. ಅವರಿಗೆಂದೇ ಹೊಸ ಫೋನು ತಂದಿದ್ದೆವು. ಆದರೆ ನನ್ನದು ಬಿಟ್ಟುಕೊಡುವವರೆಗೆ ಮಷೀನು ಹೊಸದಕ್ಕೆ ಸೇರಲೊಲ್ಲದು.

“ಸ್ವರೂಪಾ, ನಿನ್ನ ಫೋನ್ ಇಲ್ಲೇ ಬಿಟ್ಟು ಹೋಗು,” ಎಂದರು ಅತ್ತೆ ಈಶಮ್ಮ. “ಇಲ್ಲಾಂದ್ರ ತಡದು ಹೋಗು.”

ತಡೆದರೆ ಕಾಲೇಜಿನ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ಫೋನಿಲ್ಲದೆ ಒಬ್ಬಳೇ ಬಸ್ಸು ಹತ್ತುವ ಧೈರ್ಯ ನನಗಿಲ್ಲ.

ಜಹೀರಾಬಾದಿನಲ್ಲಿ ಮಷೀನು ಕೂಡಿಸಿಕೊಟ್ಟಿದ್ದ ಅಂಗಡಿಯ ದಶರಥನಿಗೆ ಹೊಸ ಫೋನಿನಿಂದ ಕರೆ ಮಾಡಿ, ಸ್ಪೀಕರ್ ಹಾಕಿದೆ.

“ನಿಮ್ಮ ಹಳೇ ಫೋನಿನ ಬ್ಲೂಟೂತ್‌ನಾಗ ಎರಡು ಹೆಸರು ಕಾಣ್ತಾವ ಅಕ್ಕಾರ. ಯಾವುದು ತೆಗೀತೀರಿ, ಓದಿ ಹೇಳ್ರಿ. ತಪ್ಪಿದ್ರ ನನಗ ಬೈಬ್ಯಾಡ್ರಿ.”

ಒಂದು ನನ್ನ ಗಂಡನ ಇಯರ್‌ಬಡ್ಸ್, ಅವರದೇ ಹೆಸರಿನಲ್ಲಿ. ಇನ್ನೊಂದು ಮಾವನ ಹೆಸರು. ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ನಮ್ಮ ಮನೆಯ ಹೆಂಗಸರು ಬಾಯಿಗೆ ತರುವುದಿಲ್ಲ.

“ಹಿರೇರದು,” ಎಂದೆ.

“ಫೋನಿನಾಗ ಹಿರೇರು, ಸಣ್ಣೋರು ಇರಂಗಿಲ್ರಿ. ಹೆಸರು ಹೇಳ್ರಿ!”

ಅತ್ತೆಯ ಕಡೆ ನೋಡಿದೆ.

“ನನ್ನ ಯಾಕ ನೋಡ್ತಿ? ನನ್ನ ಗಂಡನ ಹೆಸರು ನಾ ಹೇಳ್ಲೇನು?”

ಹೆದರುತ್ತಲೇ ಮಾವನ ಹೆಸರನ್ನು ಒತ್ತಿದೆ. “ಮಾಣಿಕಪ್ಪ: ಈ ಸಾಧನವನ್ನು ಮರೆತುಬಿಡಬೇಕೇ?” ಎಂದು ಫೋನು ಕೇಳಿತು. ಬೆರಳು ಅಲ್ಲೇ ನಿಂತಿತು. ಮಾವನ ಹೆಸರಿನ ಮುಂದೆ ಎಂಥ ಮಾತು!

ಕಟ್ಟೆಯ ಮೇಲಿಂದ ಬಗ್ಗಿ ಅದನ್ನು ಓದಿ ಮಾವ ನಕ್ಕರು. “ಹೇಳವ್ವ, ಮರತ್ರ ಮರಿ. ನಾ ಎಲ್ಲೂ ಹೋಗಂಗಿಲ್ಲ!”

“ಮಾಣಿಕಪ್ಪ!” ಎಂದೆ. ಗಾಬರಿಯಲ್ಲಿ ಓಣಿಗೆಲ್ಲ ಕೇಳುವಷ್ಟು ಜೋರಾಗಿ ಬಂತು. “ಮಾಣಿಕಪ್ಪನ್ನ ತೆಗೀತೀನಿ!”

“ಶಭಾಷ್! ಒತ್ರಿ,” ಎಂದ ದಶರಥ.

ಒತ್ತಿದೆ. ಹೆಸರು ಹೋಯಿತು. ಅವನು ಹೇಳಿದಂತೆ ಮಷೀನನ್ನು ಅದರ ಚಾರ್ಜಿಂಗ್ ಡಬ್ಬಿಯಲ್ಲಿಟ್ಟು ತೆಗೆದೆ. ಹೊಸ ಫೋನಿನಲ್ಲಿ ಅದೇ ಹೆಸರು ಮೂಡಿತು; ಒತ್ತಿದೆ, ಜೋಡಿಯಾಯಿತು. ನಂಬಿಕೆ ಬರಲಿಲ್ಲ, ಅದರಿಂದಲೇ ಮಾವನ ಕೈಲಿ ನರ್ಮದಾಳಿಗೆ ಕರೆ ಮಾಡಿಸಿದೆ.

“ಸಾಫ್ ಕೇಳಿಸ್ತದ ಮಗಳ!” ಮಾವ ಎದ್ದೇ ನಿಂತರು. “ನಿಮ್ಮ ವೈನಿ ನನ್ನ ಹೆಸರು ಹಿಡದು ಕೂಗಿದಳು, ನನ್ನ ಮರತಳು, ಈಗ ನೌಕ್ರಿಗೆ ಹೊಂಟಾಳ!”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದರು. “ನಾಳೆ ಊಟಕ್ಕ ಕರಿಯಾಕ ನಾನೂ ಒಮ್ಮೆ ಹೆಸರು ಹಿಡದು ಕೂಗಿ ನೋಡ್ತೀನಿ.”

ನಾನು ನನ್ನ ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದೆ.