ಸುರಕ್ಷಾಳ ಮಾತು

ಯಾರ ಮನೆಯ ಮಗುವಪ್ಪ ಇಷ್ಟು ಚೆಂದ ಮಾತಾಡುದು, ಮೆಟ್ಟಿಲು ಹತ್ತುತ್ತಿದ್ದ ಹೇಮಶ್ರೀಗೆ ಮೊದಲು ಅನ್ನಿಸಿದ್ದು ಅಷ್ಟೆ, ಕೆಳಗಿನ ಮನೆಯದ್ದಿರಬೇಕು, ಅಲ್ಲ, ಅವರ ಮಗ ಹೈಸ್ಕೂಲು — ಆಫೀಸಿನಲ್ಲಿ ಕರೆಂಟು ಹೋಗಿ, ಯುಪಿಎಸ್ಸೂ ಕೂಗಿ ಕೂಗಿ ಸತ್ತು, ಇನ್ನೆಂತ ಕೂತುಕೊಳ್ಳುದು ಮಾರಾಯ್ರೆ, ಹೋಗಿ ಎಂದು ಮ್ಯಾನೇಜರು ಮಧ್ಯಾಹ್ನಕ್ಕೇ ಬಿಟ್ಟಿದ್ದರು, ದರ್ಬೆ ಪೇಟೆಯ ಬಿಸಿಲಿಗೆ ಕಣ್ಣು ಇನ್ನೂ ಕತ್ತಲೆ ಕತ್ತಲೆ, ಚಪ್ಪಲಿಯ ಬಾರು ಉಜ್ಜಿ ಹಿಮ್ಮಡಿ ಉರಿ, ಅರೆತೆರೆದ ಬಾಗಿಲಿಂದ ಗಂಜಿಯ ಬಿಸಿ ವಾಸನೆ, ಜೊತೆಗೆ ಆ ದನಿ, ಕಾಗೆ ಬಂದು ಕೋಳಿಮರಿಯನ್ನು ಕಚ್ಚಿಕೊಂಡು ಹಾರಿದ್ದು, ತಾಯಿಕೋಳಿ ಗೋಡೆಯವರೆಗೆ ಅಟ್ಟಿಸಿಕೊಂಡು ಹೋದದ್ದು, ಮತ್ತೆಂತಾಯ್ತು ಗೊತ್ತುಂಟಾ ಅಜ್ಜೀ, ಎಲ್ಲ ಅರೆಭಾಷೆಯಲ್ಲಿ, ಹೇಮಶ್ರೀ ಹುಟ್ಟಿ ಬೆಳೆದ ಭಾಷೆಯಲ್ಲಿ — ಅಜ್ಜೀ ಎಂದದ್ದು ಯಾರನ್ನು, ಈ ಮನೆಯಲ್ಲಿ ಅಜ್ಜಿಯೆಂದರೆ ಅತ್ತೆ ಸೇವಂತಿ ಒಬ್ಬರೇ, ಮಗುವೆಂದರೆ ಸುರಕ್ಷಾ ಒಬ್ಬಳೇ, ಸುರಕ್ಷಾ ಮಾತಾಡುದಿಲ್ಲವಲ್ಲ.

ಮಾತಾಡುದಿಲ್ಲ, ಬರುವ ತಿಂಗಳು ನಾಲ್ಕು ತುಂಬುತ್ತದೆ, ವಾಟರ್, ನೋ, ಬೈ, ಅಲ್ಲಿಗೆ ಮುಗಿಯಿತು, ಕಿವಿ ಪರೀಕ್ಷೆ ಮಾಡಿಸಿ ಆಯಿತು, ಕಿವಿ ಸರಿ ಉಂಟು ಎಂದರು, ನಾಳೆ ಮಂಗಳೂರಿನಲ್ಲಿ ಮಾತು ಕಲಿಸುವವರನ್ನು ಕಾಣಲಿಕ್ಕೆ ರಜೆ ಹಾಕಿದ್ದಾಳೆ, ಬಿಡು ಮಾರಾಯ್ತಿ, ಅದರಷ್ಟಕ್ಕೇ ಬರ್ತದೆ ಎಂದು ಜಯಪ್ರಕಾಶ್ ಹೇಳಿದ್ದಕ್ಕೆ ಎರಡು ದಿನ ಗಂಡನೊಡನೆ ಮಾತು ಬಿಟ್ಟಿದ್ದಳು, ಅದರಷ್ಟಕ್ಕೇ ಬರಲಿಕ್ಕೆ ಅದೇನು ಹಲ್ಲಾ — ಮಕ್ಕಳನ್ನು ಬೆಳೆಸುದು ಹೇಗೆಂದು ಫೋನಿನ ವಿಡಿಯೋದಲ್ಲಿ ಹೇಳಿಕೊಡುವ ಆ ನಗುಮುಖದ ಹೆಂಗಸು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದ್ದಾಳೆ, ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು ಮಾತಾಡಿ, ಮೀಯಿಸುವಾಗ ಬಣ್ಣಗಳ ಹೆಸರು ಹೇಳಿ, ಮಲಗುವ ಮೊದಲು ಕಥೆ ಓದಿ, ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಿ, ಆ ಒಂದೇ ಭಾಷೆ ಇಂಗ್ಲಿಷೇ ಆಗಬೇಕೆಂದು ಹೆಂಗಸು ಹೇಳಿರಲಿಲ್ಲ, ಅದು ಹೇಮಶ್ರೀಯದ್ದೇ ತೀರ್ಮಾನ, ಹಾಸ್ಟೆಲಿನಲ್ಲಿ ತಾನು ಅರೆಭಾಷೆಯಲ್ಲಿ ಬಾಯಿ ಬಿಟ್ಟಾಗಲೆಲ್ಲ ಬಿದ್ದು ಬಿದ್ದು ನಗುತ್ತಿದ್ದರಲ್ಲ, ಆ ನಗು ತನ್ನ ಮಗಳಿಗೆ ಬೇಡ, ಮತ್ತೆ ಕಳೆದ ವರ್ಷ ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬದಲ್ಲಿ ಯಾರೋ ಕೇಕು ಕೊಡಲು ಹೋದರೆ ಸುರಕ್ಷಾ ಮುಖ ತಿರುಗಿಸಿ ನಂಗೆ ಬೊತ್ತು ಎಂದದ್ದು, ಬೇಡ ಎನ್ನಲಿಕ್ಕೆ ಅಜ್ಜಿ ಹೇಳುವ ಹಾಗೆ ಬೊತ್ತು, ಅಯ್ಯೋ ಬೊತ್ತಂತೆ, ಬೊತ್ತಂತೆ ಎಂದು ತಾಯಂದಿರೆಲ್ಲ ನಕ್ಕದ್ದು, ಮುದ್ದಿಗೇ ನಕ್ಕಿರಬಹುದು, ಈಗ ಹಾಗನ್ನಿಸುತ್ತದೆ, ಆವತ್ತು ಅನ್ನಿಸಲಿಲ್ಲ, ಮನೆಗೆ ಬಂದವಳೇ ಸೇವಂತಿಯ ಮೇಲೆ ಹರಿಹಾಯ್ದಳು, ಈ ಭಾಷೆ ಇನ್ನೊಮ್ಮೆ ಇವಳ ಬಾಯಲ್ಲಿ ಬಂದರೆ ನಿಮ್ಮನ್ನು ನಿಮ್ಮ ಊರಿಗೆ, ಕೊಲ್ಲಮೊಗ್ರಿಗೆ ಬಸ್ಸು ಹತ್ತಿಸಿ ಬಿಡ್ತೇನೆ ಅತ್ತೆ, ಆಡುವುದಾದರೆ ಸರಿಯಾದ್ದು ಆಡಿ, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಿ, ಸೇವಂತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು, ಮಗು ಎಲ್ಲಿತ್ತು ಆಗ, ಸೋಫಾದ ಹಿಂದೆ, ಗೊಂಬೆಯ ಕಾಲು ಹಿಡಿದುಕೊಂಡು, ಅದಕ್ಕೆ ಎಂತ ಅರ್ಥ ಆಗ್ತದೆ, ಮೂರು ವರ್ಷದ್ದಕ್ಕೆ.

ಮಾತಾಡುತ್ತಿದ್ದಾಳೆ, ದೇವರೇ, ನನ್ನ ಮಗಳು ಮಾತಾಡುತ್ತಿದ್ದಾಳೆ, ವಾಕ್ಯಕ್ಕೆ ವಾಕ್ಯ ಪೋಣಿಸಿ, ಗೋಡೆಗೆ ಕೈಕೊಟ್ಟು ಹೇಮಶ್ರೀ ಅಳುವುದಕ್ಕೇ ಹೊರಟಿದ್ದಳು, ನಾಳೆ ಮಂಗಳೂರೂ ಬೇಡ, ಯಾವುದೂ ಬೇಡ, ಓಡಿ ಹೋಗಿ ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಒಳಗೆ ಅತ್ತೆಯ ನಗು, ಇಷ್ಟೆಲ್ಲ ಮಾತಾಡ್ಲಿಕ್ಕೆ ಬರ್ತದೆ ನಿಂಗೆ, ಅಮ್ಮನ ಹತ್ರವೂ ಹೇಳು ಕುಂಞಿ, ಪಾಪ, ಅವಳಿಗೆ ಖುಷಿ ಆಗ್ತದೆ, ಮಗು ದನಿ ತಗ್ಗಿಸಿತು, ದೊಡ್ಡವರು ಗುಟ್ಟು ಹೇಳುವ ಹಾಗೆ, ಬೊತ್ತು ಅಜ್ಜೀ, ನಾ ಮಾತಾಡಿರೆ ಮಮ್ಮಿ ನಿನ್ನ ಬಸ್ಸು ಹತ್ತಿಸುದು.

ಬಾಗಿಲು ದೂಡಿದ್ದು ಕೈಯೋ, ಭುಜವೋ, ಕೀಲು ಕಿರ್ರೆಂದದ್ದು ಮಾತ್ರ ಕೇಳಿಸಿತು, ನೆಲದ ಮೇಲೆ ಕಾಲು ಚಾಚಿ ಕೂತ ಸೇವಂತಿ, ತೊಡೆಯ ಮೇಲೆ ಮಗು, ನಡುವೆ ಗಂಜಿಯ ತಟ್ಟೆ, ಇಬ್ಬರೂ ತಲೆಯೆತ್ತಿದರು, ಒಂದು ವರ್ಷ, ಇಡೀ ಒಂದು ವರ್ಷ ಈ ಅಂಗೈಯಗಲದ ಮಗು ನಾಲಿಗೆ ಹಿಡಿದುಕೊಂಡು ಕೂತದ್ದು ಇದಕ್ಕಾ, ನಾನು ಫ್ಲಾಶ್‌ಕಾರ್ಡು ಹಿಡಿದು ಸೇ ಆ್ಯಪಲ್, ಸೇ ಆ್ಯಪಲ್ ಎಂದು ಗೋಗರೆದಾಗಲೂ ಇದನ್ನೇ ಯೋಚಿಸುತ್ತಿತ್ತಾ, ಹೊಸಿಲಲ್ಲೇ ಕುಕ್ಕರಿಸಿದಳು, ಮಗುವಿನ ಕಣ್ಣಿನ ಮಟ್ಟಕ್ಕೆ, ಮತ್ತು ಎಷ್ಟೋ ಕಾಲದಿಂದ ಈ ಮನೆಯಲ್ಲಿ ಆಡದ ತನ್ನ ಭಾಷೆಯಲ್ಲಿ, ಕಾಗೆ ಮತ್ತೆಂತ ಮಾಡ್ತ್ ಕುಂಞಿ, ನಂಗೂ ಹೇಳ್, ಎಂದಳು, ಮಗು ನಂಬಲಿಲ್ಲ, ಅದು ತನ್ನ ಬಾಯಿ ಮುಚ್ಚಿಕೊಳ್ಳಲೂ ಇಲ್ಲ, ಸರಕ್ಕನೆ ತಿರುಗಿ ಗಂಜಿ ಮೆತ್ತಿದ ಕೈಯನ್ನು ಅಜ್ಜಿಯ ಬಾಯಿಗೆ ಒತ್ತಿಹಿಡಿಯಿತು, ಅಜ್ಜಿ ನೋ ಟಾಕ್, ಮಮ್ಮಿ, ಅಜ್ಜಿ ನೋ ಟಾಕ್, ಇಂಗ್ಲಿಷಿನಲ್ಲಿ ಪದಕ್ಕೆ ಪದ ಸೇರಿಸಿ ಅವಳಾಡಿದ ಮೊದಲ ಮಾತು, ಕಣ್ಣು ತುಂಬಿಕೊಂಡು — ಅತ್ತೆ ಕೈ ತೆಗೆಯಬಹುದಿತ್ತು, ತೆಗೆಯಲಿಲ್ಲ, ಬೆರಳುಗಳ ಮೇಲಿಂದ ಸೊಸೆಯನ್ನು ನೋಡುತ್ತಿದ್ದರು, ಸಿಟ್ಟಲ್ಲ ಅದು, ಹೆದರಿಕೆ, ನಾನೆಂದರೆ ಹೆದರಿಕೆ, ಇಲ್ಲ ಕುಂಞಿ, ಅಜ್ಜಿ ಎಲ್ಲಿಗೂ ಹೋಗುದಿಲ್ಲ, ಕೈ ತೆಗಿ, ತೆಗಿ ಮಗಾ, ಮಗು ತೆಗೆಯುದಿಲ್ಲ, ಇನ್ನೂ ಬಿಗಿಯಾಗಿ, ಐದು ಪುಟ್ಟ ಬೆರಳು, ಉಗುರಿನ ಸಂದಿಯಲ್ಲಿ ಒಂದು ಅಗುಳು ಅನ್ನ, ಕೆಳಗೆ ಅಜ್ಜಿಯ ಬಾಯಿ, ಆ ಬಾಯಿಯ ಮೇಲೆ ಆ ಕೈ, ಆ ಕೈ